ಹುಲ್ಲು ಒರೆಸಿದವರು

ಸೋಡಾ ಹಾಕಿ ಕುದಿಸಿದ ಬಟ್ಟೆಯ ವಾಸನೆ. ಬಿಳಿಯಕ್ಕನಿಗೆ ಬಾಲ್ಯ ಎಂದರೆ ಅದೇ. ಅವಳ ಅಮ್ಮ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಆಳೆತ್ತರದ ಹಂಡೆಗಳಲ್ಲಿ ಹಾಸಿಗೆಬಟ್ಟೆಗಳು ಕೊತಕೊತ ಕುದಿಯುತ್ತಿದ್ದವು. ಕಿಟಕಿಯ ಗಾಜು ಬೆವರುತ್ತಿತ್ತು. ಆವಿಯಲ್ಲಿ ಸೋಡಾ, ಸಾಬೂನು, ಎಲ್ಲೋ ಅಡಿಯಲ್ಲಿ ಸಣ್ಣಗೆ ರಕ್ತ ಮತ್ತು ಔಷಧಿ. ಶಾಲೆ ಬಿಟ್ಟ ಮೇಲೆ ಅವಳು ಆ ಕೋಣೆಯ ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಅಮ್ಮ ಒಣಗಿದ ಹಾಸನ್ನು ಮಡಚುವ ಮುಂಚೆ ಬೆಳಕಿಗೆ ಹಿಡಿಯುತ್ತಿದ್ದಳು. ಒಂದು ಚುಕ್ಕೆ ಕಂಡರೂ ಮತ್ತೆ ಹಂಡೆಗೆ.

"ಯಾರೇ ಬಟ್ಟೆ ಕೊಟ್ರೂ, ಕೊಟ್ಟಿದ್ದಕ್ಕಿಂತ ಬೆಳ್ಳಗೆ ಮಾಡಿ ವಾಪಸ್ ಕೊಡಬೇಕು ಕಣೇ," ಎನ್ನುತ್ತಿದ್ದಳು ಅಮ್ಮ. "ನಮ್ಮ ಮುಖ ಯಾರೂ ನೋಡಲ್ಲ. ನಾವು ಕೊಟ್ಟ ಬಟ್ಟೆ ನೋಡ್ತಾರೆ."

ಆ ಮಾತನ್ನು ಮಗಳು ನಲವತ್ತು ವರ್ಷ ಚಾಚೂ ತಪ್ಪದೆ ನಡೆಸಿದಳು. ಕೊನೆಗೆ ಅದೇ ಅವಳನ್ನು ಕೆಡವಿತು.

ಬಿಳಿಯಕ್ಕ ಎಂಬ ಹೆಸರು ಜೊತೆಯ ಹೆಂಗಸರು ಇಟ್ಟದ್ದು. ಮೈಬಣ್ಣ ನೋಡಿ ಅಲ್ಲ. ಅವಳು ಒಳ್ಳೆ ಇದ್ದಿಲಿನ ಹಾಗೆ ಕಪ್ಪು. ನೆಲ ಒರೆಸುವ ಚಿಂದಿಯನ್ನು ಕೊಟ್ಟರೂ ಬೆಳ್ಳಗೆ ಮಾಡಿ ತಂದುಕೊಡುತ್ತಾಳೆ ಎಂದು ಆ ಹೆಸರು.

ಕೆಲಸ ಜಿಂಕೆವನದಲ್ಲಿ. ಕಾಡಂಚಿನಲ್ಲಿ ಕಂಪನಿಯವರು ಬೇಲಿ ಹಾಕಿ, ಜಿಂಕೆ ಬಿಟ್ಟು, ಅತಿಥಿಗಳಿಗೆ ಮರದ ಮನೆಗಳನ್ನು ಕಟ್ಟಿದ್ದರು. ಮನೆಗಳಿಂದ ಕಾಡಿನೊಳಕ್ಕೆ ನಡೆದಾಡುವ ದಾರಿಗಳು. ದಾರಿಯ ಎರಡೂ ಬದಿಯ ಹುಲ್ಲು, ಪೊದೆ, ಮುಳ್ಳು ಸವರುವುದಕ್ಕೆ ಆರು ಹೆಂಗಸರು. ಬಿಳಿಯಕ್ಕ, ಅವಳ ನಾದಿನಿ, ಇನ್ನು ನಾಲ್ವರು. ಕುಕ್ಕರುಗಾಲಿನಲ್ಲಿ ಕೂತು, ಕುಡುಗೋಲು ಆಡಿಸುತ್ತ, ಕಪ್ಪೆಯ ಹಾಗೆ ಮುಂದೆ ಮುಂದೆ ಹೋಗಬೇಕು. ಸಂಜೆ ಎದ್ದು ನಿಂತರೆ ಸೊಂಟ ಅಲ್ಲೇ ಕೂತಿರುತ್ತಿತ್ತು. ಅತಿಥಿಗಳಿಗೆ ಕೊಡುವ ಬಣ್ಣದ ಚೀಟಿಯಲ್ಲಿ ಮೊಣಕಾಲುದ್ದದ ಕಾಲುಚೀಲದ ಚಿತ್ರವಿತ್ತು. ಹೆಂಗಸರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು.

ಸೋಮವಾರ ಬೆಳಿಗ್ಗೆ ಮಾತ್ರ ಬೇರೆ ಕೆಲಸ. ಮೂರು ವರ್ಷದ ಹಿಂದೆ ಮೇಸ್ತ್ರಿ ಒಂದು ದಪ್ಪ ಬಿಳಿ ಬಟ್ಟೆ ತಂದುಕೊಟ್ಟಿದ್ದ. ಒಬ್ಬರು ಮಲಗುವಷ್ಟು ಅಗಲ. ಒಂದು ತುದಿಗೆ ಕೋಲು, ಕೋಲಿನ ಎರಡು ತುದಿಗೆ ಹಗ್ಗ.

"ಇದನ್ನ ಹುಲ್ಲಿನ ಮೇಲೆ ಎಳ್ಕೊಂಡು ಹೋಗಿ. ಮೂರೂ ದಾರಿ ಮುಗಿಸಿ ನನಗೆ ತಂದು ತೋರಿಸಿ."

"ಯಾಕೆ ಸಾರ್?" ಎಂದು ಬಿಳಿಯಕ್ಕ ಕೇಳಿದ್ದಳು.

"ಯಾಕೆ, ನಿನಗೆ ವಿವರಣೆ ಕೊಡ್ಬೇಕಾ? ಹೇಳಿದಷ್ಟು ಮಾಡಮ್ಮ."

ಹಗ್ಗ ಹಿಡಿದು ಎಳೆಯುತ್ತ ನಾದಿನಿ ಕಿಸಕ್ಕನೆ ನಕ್ಕಿದ್ದಳು. "ಗೊತ್ತಾಯ್ತಾ ಅತ್ತಿಗೆ? ದೊಡ್ಡವರ ಕಾಲಿಗೆ ಇಬ್ಬನಿ ತಾಗಬಾರದು ನೋಡು, ಅದಕ್ಕೆ ಹುಲ್ಲನ್ನೂ ಒರೆಸ್ತಾರೆ."

"ನಾಳೆ ಜಿಂಕೆ ಮೂತಿ ಒರೆಸು ಅಂತಾರೆ," ಎಂದಿದ್ದಳು ಇನ್ನೊಬ್ಬಳು.

"ನಾಡಿದ್ದು ಮೇಸ್ತ್ರಿದು."

ಆರೂ ಜನ ಹೊಟ್ಟೆ ಹಿಡಿದು ನಕ್ಕಿದ್ದರು. ನಕ್ಕರೂ ನಂಬಿದ್ದರು. ನಂಬದೆ ಏನು? ಈ ಜನ ಕಾರಿನ ಚಕ್ರ ಒರೆಸಿಸುತ್ತಿದ್ದರು, ಗಿಡದ ಎಲೆ ಒರೆಸಿಸುತ್ತಿದ್ದರು. ಹುಲ್ಲು ಒರೆಸಿಸುವುದು ದೊಡ್ಡ ಮಾತಲ್ಲ.

ದಾರಿಯ ಕೊನೆಗೆ ಬರುವಷ್ಟರಲ್ಲಿ ಬಟ್ಟೆ ಕೊಳೆಯಾಗಿರುತ್ತಿತ್ತು. ಹುಲ್ಲಿನ ಕಡ್ಡಿ, ಜೇಡರ ಬಲೆ, ಮಣ್ಣು. ಅದರ ನಡುವೆ ಎಳ್ಳು ಚೆಲ್ಲಿದ ಹಾಗೆ, ದನ ಜಿಂಕೆಗಳ ರಕ್ತ ಹೀರುವ ಉಣುಗುಗಳು. ಎಂಟು ಕಾಲು ಊರಿ ಬಟ್ಟೆಗೆ ಕಚ್ಚಿಕೊಂಡು ಕೂತಿರುತ್ತಿದ್ದವು. ಅಂಥ ಬಟ್ಟೆಯನ್ನು ಹಾಗೇ ಕೊಡುವುದೇ? ಬಿಳಿಯಕ್ಕನ ಕೈ ಒಪ್ಪುತ್ತಿರಲಿಲ್ಲ. ಮರದ ಕೆಳಗೆ ಆರೂ ಜನರನ್ನು ಕೂರಿಸಿ, ಬಟ್ಟೆಯನ್ನು ಮಡಿಲ ಮೇಲೆ ಹರಡಿ, ಉಗುರಿನಿಂದ ಒಂದೊಂದೇ ಆರಿಸಿ ಎಸೆಯುವುದನ್ನು ಅವಳೇ ಕಲಿಸಿದಳು. ಆಮೇಲೆ ಫಟ್ ಫಟ್ ಎಂದು ಎರಡು ಸಲ ಕೊಡವಿ, ಬೆಳಕಿಗೆ ಹಿಡಿದು ನೋಡಿ, ನಾಲ್ಕು ಮಡಿಕೆ ಮಾಡಿ ಮೇಸ್ತ್ರಿಗೆ ಕೊಡುತ್ತಿದ್ದಳು. ಮೇಸ್ತ್ರಿ ಬಿಚ್ಚಿ ನೋಡುತ್ತಿದ್ದ. ಒಂದು ಹಾಳೆಯಲ್ಲಿ ಏನೋ ಗೀಚುತ್ತಿದ್ದ. ಹಾಳೆಯ ಮೇಲೆ ಅಂಗೈ ಅಡ್ಡ ಇಟ್ಟು, "ಇಲ್ಲಿ ಸಹಿ ಹಾಕು," ಎನ್ನುತ್ತಿದ್ದ. ಆರು ಜನರಲ್ಲಿ ಅಕ್ಷರ ಬರುತ್ತಿದ್ದದ್ದು ಅವಳೊಬ್ಬಳಿಗೆ. ಅವಳು ಹೆಮ್ಮೆಯಿಂದಲೇ ಹಾಕುತ್ತಿದ್ದಳು.

ಹೋದ ಮಳೆಗಾಲ ಕಳೆದ ಮೇಲೆ ಅವಳ ಮೊಣಕಾಲಿನ ಹಿಂದೆ ಕೆಂಪು ಉಂಗುರ ಎದ್ದಿತು. ಮೊದಲು ಗುಂಡಿಯಷ್ಟು. ವಾರದಲ್ಲಿ ತಟ್ಟೆಯಷ್ಟು. ತುರಿಕೆ ಇಲ್ಲ, ನೋವಿಲ್ಲ. ಹುಳುಕಡ್ಡಿ ಇರಬೇಕು ಎಂದುಕೊಂಡು ಮುಲಾಮು ಹಚ್ಚಿದಳು. ಅದರಷ್ಟಕ್ಕೆ ಅದು ಮಾಸಿತು. ಅವಳು ಮರೆತಳು.

ಅದು ಮರೆಯಲಿಲ್ಲ.

ಒಂದು ತಿಂಗಳಿಗೆ ಬೆನ್ನು ಹಿಡಿಯಿತು. ಎರಡು ಹೆಗಲೆಲುಬುಗಳ ನಡುವೆ ಕೆಂಡ ಇಟ್ಟ ಹಾಗೆ. ಅಲ್ಲಿಂದ ಪಕ್ಕೆಯನ್ನು ಸುತ್ತಿಕೊಂಡು ಎದೆಗೆ ಬರುತ್ತಿತ್ತು. ರವಿಕೆಯ ಬಟ್ಟೆ ತಾಗಿದರೂ ಚರ್ಮ ಸುಲಿದ ಹಾಗೆ ಉರಿ. ಮಲಗಿದರೆ ಹೆಚ್ಚು. ಗೋಡೆಗೆ ಒರಗಿ ಕೂತೇ ಬೆಳಕು ಹರಿಸುತ್ತಿದ್ದಳು. ಬೆಳಿಗ್ಗೆ ಕುಡುಗೋಲು ಹಿಡಿಯುತ್ತಿದ್ದಳು.

ಆಮೇಲೆ ಮುಖ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿದಾಗ ನೀರು ಬಲಗಡೆಯಿಂದ ತಾನೇ ಸುರಿದುಹೋಯಿತು. ತಿರುಗಿ ನೋಡಿದಳು. ಹಲ್ಲುಜ್ಜುತ್ತಿದ್ದ ನಾದಿನಿ ನಗತೊಡಗಿದಳು. "ಏನತ್ತಿಗೆ, ಬೆಳಬೆಳಿಗ್ಗೆ ನಾಟಕ? ಹಾಗೆ ಮೂತಿ ಸೊಟ್ಟ ಮಾಡ್ಬೇಡ, ಗಾಳಿ ಬೀಸಿದ್ರೆ ಹಾಗೇ ನಿಂತುಬಿಡುತ್ತೆ..."

ನಗು ಅರ್ಧಕ್ಕೆ ನಿಂತಿತು. ಅತ್ತಿಗೆಯ ಬಲಗಣ್ಣು ಮುಚ್ಚುತ್ತಿರಲಿಲ್ಲ. ಕೆನ್ನೆ ನೆನೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ತುಟಿ ಸೇರದಿದ್ದರೆ ಎಷ್ಟು ಅಕ್ಷರಗಳು ಕೈಕೊಡುತ್ತವೆ ಎಂದು ಅವಳಿಗೆ ಅಂದು ಗೊತ್ತಾಯಿತು. ಪ, ಬ, ಮ ಎಲ್ಲ ಬರೀ ಗಾಳಿಯಾಗಿ ಹೋಗುತ್ತಿದ್ದವು. ಅಮ್ಮ ಎನ್ನಲು ಬರಲಿಲ್ಲ. ತನ್ನ ಹೆಸರು ಹೇಳಲು ಬರಲಿಲ್ಲ.

"ಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ದೀಯಾ?" ಎಂದ ಮೇಸ್ತ್ರಿ.

ಇದೇ ಮಾತನ್ನು ಅವನು ಹೋದ ವರ್ಷ ಗಿಡ್ಡಜ್ಜಿಗೆ ಹೇಳಿದ್ದ. ಗಿಡ್ಡಜ್ಜಿ ಅವರ ಗುಂಪಿನ ಹಿರಿಯಳು. ಇದ್ದಕ್ಕಿದ್ದ ಹಾಗೆ ಅವಳ ಒಂದು ಕಾಲು ಎಳೆಯತೊಡಗಿತ್ತು. ಮಾತು ಅಡ್ಡಾದಿಡ್ಡಿಯಾಗಿತ್ತು. ಕುಡುಗೋಲಿಗೆ ಚಮಚ ಎನ್ನುತ್ತಿದ್ದಳು. ಕುಡುಕಿ ಎಂದು ಗೇಟಿನಿಂದಾಚೆ ಹಾಕಿ, ಅವಳ ಜಾಗಕ್ಕೆ ಇನ್ನೊಬ್ಬಳನ್ನು ತಂದಿದ್ದರು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವಳಲ್ಲ. ಈಗ ಮಗಳ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಾಳೆ.

ಕಂಪನಿ ಡಾಕ್ಟರು ಕುರ್ಚಿಯಿಂದ ಏಳದೆಯೇ ನೋಡಿದರು. "ಗಾಳಿ ಹೊಡೆದಿದೆ. ಬಲೂನ್ ಊದ್ತಾ ಇರು. ಸರಿಹೋಗುತ್ತೆ."

ಬಲೂನು ಊದಿದರೆ ಉಸಿರೆಲ್ಲ ಬಲಗಡೆಯಿಂದ ಸೋರುತ್ತಿತ್ತು. ಊಟ ಮಾಡಿದರೆ ತುತ್ತು ಬಲಗೆನ್ನೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬೆರಳು ಹಾಕಿ ತೆಗೆಯಬೇಕು. ಸಾರು ಗಲ್ಲದ ಮೇಲೆ ಇಳಿಯುತ್ತಿತ್ತು. ಕ್ಯಾಂಟೀನಿನಲ್ಲಿ ಕೂತ ಮೂರನೇ ದಿನ ಮೇಸ್ತ್ರಿ ಬಂದ. "ನೀನು ನೀರಿನ ಟ್ಯಾಂಕ್ ಹಿಂದೆ ಕೂತು ತಿನ್ನು. ನೋಡೋರಿಗೆ ಅಸಹ್ಯ ಆಗುತ್ತೆ. ದಾರೀಲೂ ಅತಿಥಿಗಳ ಕಣ್ಣಿಗೆ ಬೀಳಬೇಡ. ಮಕ್ಕಳು ಹೆದರ್ತಾರೆ."

ಅಂದಿನಿಂದ ಅಡುಗೆಯಾತ ಅವಳ ತಟ್ಟೆಯನ್ನು ಹಿಂದಿನ ಕಿಟಕಿಯಿಂದ ತಳ್ಳುತ್ತಿದ್ದ. ಮುಖ ನೋಡುತ್ತಿರಲಿಲ್ಲ. ಅವಳೂ ಅವನ ಮುಖ ನೋಡುತ್ತಿರಲಿಲ್ಲ. ನಾದಿನಿ ಮಾತ್ರ ತನ್ನ ತಟ್ಟೆ ಎತ್ತಿಕೊಂಡು ಟ್ಯಾಂಕಿನ ಹಿಂದೆ ಬಂದು ಕೂರುತ್ತಿದ್ದಳು.

ಡಾಕ್ಟರ ಕೋಣೆಯ ಹೊರಗೆ ಒಬ್ಬ ನರ್ಸಮ್ಮ ಇದ್ದರು. ಮಾತು ಕಮ್ಮಿ. ಮುಚ್ಚದ ಕಣ್ಣಿಗೆ ಹನಿ ಹಾಕಿ, ಹತ್ತಿ ಇಟ್ಟು ಪಟ್ಟಿ ಅಂಟಿಸುತ್ತ ಒಂದು ದಿನ ಕೇಳಿದರು: "ಮೈ ಮೇಲೆ ಎಲ್ಲಾದ್ರೂ ಕೆಂಪಗೆ ಉಂಗುರದ ಥರ ಎದ್ದಿತ್ತಾ?"

ಬಿಳಿಯಕ್ಕ ಮೊಣಕಾಲಿನ ಹಿಂದೆ ತೋರಿಸಿದಳು. ನರ್ಸಮ್ಮ ಬಾಗಿಲ ಕಡೆ ನೋಡಿ, ಒಂದು ಚೀಟಿ ಬರೆದು ಅವಳ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. "ಪೇಟೆಯ ದೊಡ್ಡಾಸ್ಪತ್ರೆಗೆ ಹೋಗಿ. ಇವತ್ತೇ. ನಾನು ಕಳಿಸಿದೆ ಅಂತ ಇಲ್ಲಿ ಯಾರಿಗೂ ಹೇಳ್ಬೇಡಿ."

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಸೀಗಡಿಯ ಹಾಗೆ ಮುದುರಿ ಮಲಗಿಸಿ ಬೆನ್ನೆಲುಬಿನ ನಡುವಿನಿಂದ ನೀರು ತೆಗೆದರು. ರಕ್ತ ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಕೂತು ಮಾತಾಡಿದಳು.

"ಉಣುಗು ಕಚ್ಚಿದಾಗ ಅದರ ಬಾಯಿಂದ ಒಂದು ರೋಗಾಣು ಒಳಗೆ ಹೋಗಿದೆ. ರಕ್ತದಲ್ಲಿ ಇದ್ದದ್ದು ಈಗ ನರಗಳಿಗೆ ಇಳಿದಿದೆ. ಮುಖ ಬಿದ್ದಿದ್ದು, ಬೆನ್ನು ಉರಿಯೋದು, ಎರಡೂ ಅದರದ್ದೇ. ದಿನಕ್ಕೊಂದು ಇಂಜೆಕ್ಷನ್, ಇಪ್ಪತ್ತೊಂದು ದಿನ. ಮಧ್ಯೆ ನಿಲ್ಲಿಸಬಾರದು. ಪೂರ್ತಿ ತಗೊಂಡ್ರೆ ಮುಖ ಬಹುಮಟ್ಟಿಗೆ ವಾಪಸ್ ಬರುತ್ತೆ."

"ತಗೊಳ್ದೆ ಇದ್ರೆ?" ಎಂದು ಜೊತೆಗೆ ಬಂದಿದ್ದ ನಾದಿನಿ ಕೇಳಿದಳು.

"ಹೀಗೇ ಉಳೀಬಹುದು. ಕಾಲಿಗೆ, ನೆನಪಿಗೆ ಇಳೀಬಹುದು."

ಬಿಳಿಯಕ್ಕನ ಕಣ್ಣ ಮುಂದೆ ಗಿಡ್ಡಜ್ಜಿ ಗೋಡೆ ನೋಡುತ್ತ ಕೂತಳು.

"ಒಂದು ವಿಷಯ," ಎಂದಳು ಡಾಕ್ಟರಮ್ಮ. "ಐದು ದಿನದ ಇಂಜೆಕ್ಷನ್ ನಾನು ಹೇಗೋ ನಡೆಸ್ತೀನಿ. ಆರನೇ ದಿನದಿಂದ ಖರ್ಚು ಕಂಪನಿ ಕೊಡ್ಬೇಕು. ಕೆಲಸದ ಜಾಗದಲ್ಲಿ ಉಣುಗು ಇದೆ, ಕಾಯಿಲೆ ಅಲ್ಲಿಂದಲೇ ಬಂತು ಅಂತ ಈ ಕಾಗದಕ್ಕೆ ನಿಮ್ಮ ಸಾಹೇಬರ ಸಹಿ ತನ್ನಿ."

ಮೊದಲ ಸೂಜಿ ಬುಧವಾರ ಬಿತ್ತು. ಆರನೇ ದಿನ ಸೋಮವಾರ.

ಮೇಸ್ತ್ರಿಯ ಹಿಂದೆ ಸಾಹೇಬರ ಕೋಣೆಗೆ ಹೋದದ್ದು ಶನಿವಾರ. ಗಾಜಿನ ಮೇಜು. ಅದರ ಮೇಲೆ ಒಂದು ಬೆರಳ ಗುರುತೂ ಇರಲಿಲ್ಲ. ಸಾಹೇಬರು ಪೂರ್ತಿ ಕೇಳಿದರು. ದನಿ ಏರಿಸುವ ಮನುಷ್ಯರಲ್ಲ. ಕಪಾಟಿನಿಂದ ಒಂದು ಫೈಲು ತೆಗೆದು ಅವಳ ಮುಂದೆ ಬಿಚ್ಚಿದರು.

"ನಮ್ಮ ವನದಲ್ಲಿ ಉಣುಗು ಇಲ್ಲಮ್ಮ. ಪ್ರತಿ ಸೋಮವಾರ ಪರೀಕ್ಷೆ ಮಾಡಿಸ್ತೀವಿ. ಮೂರು ವರ್ಷದ ದಾಖಲೆ ಇದೆ. ನೋಡು. ಇದು ನಿನ್ನ ಸಹಿ ತಾನೇ?"

ಹಾಳೆಯ ನೆತ್ತಿಯ ಮೇಲೆ ಮೇಸ್ತ್ರಿಯ ಅಂಗೈ ಇಲ್ಲದೆ ಅವಳು ಅದನ್ನು ಮೊದಲ ಸಲ ನೋಡುತ್ತಿದ್ದಳು. ಅಕ್ಷರ ಕೂಡಿಸಿ ಓದಿದಳು. *ಬಟ್ಟೆ ಎಳೆತ. ಉಣುಗಿನ ಎಣಿಕೆ.* ಅದರ ಕೆಳಗೆ, *ಇಲ್ಲ.* ಅದರ ಕೆಳಗೆ ಅವಳ ಸಹಿ. ಮುಂದಿನ ಹಾಳೆ, *ಇಲ್ಲ.* ಸಹಿ. ಅದರ ಮುಂದಿನದು, *ಇಲ್ಲ.* ಸಹಿ. ದುಂಡಗೆ, ಚೊಕ್ಕವಾಗಿ, ಅಮ್ಮನಿಗೆ ತೋರಿಸಬಹುದಾದಂಥ ಸಹಿ.

ಬಟ್ಟೆ ಕೊಟ್ಟದ್ದು ಹುಲ್ಲು ಒರೆಸಲು ಅಲ್ಲ. ಉಣುಗು ಹಿಡಿಯಲು. ಹಿಡಿದವನ್ನೆಲ್ಲ ಅವಳು ಆರಿಸಿ ಎಸೆದು, ಇಲ್ಲ ಎಂದು ಸಹಿ ಹಾಕಿದ್ದಳು. ಆರು ಹೆಂಗಸರ ಮಡಿಲ ಮೇಲೆ ಹರಡಿಸಿ ಆರಿಸಿದ್ದಳು. ಆ ಸಾಲಿನಲ್ಲಿ ಗಿಡ್ಡಜ್ಜಿಯೂ ಕೂತಿದ್ದಳು.

"ಸಾಹೇಬ್ರೇ, ನಾವು ಆರಿಸಿ ಎಸೀತಿದ್ವಿ," ಎಂದಳು, ಜೋತ ತುಟಿಯನ್ನು ಬೆರಳಿಂದ ಒತ್ತಿ ಹಿಡಿದು. "ಬಟ್ಟೆ ಕೊಳೆಯಾಯ್ತು ಅಂತ ಶುದ್ಧ ಮಾಡಿ ಕೊಡ್ತಿದ್ವಿ. ಯಾಕೆ ಅಂತ ಯಾರೂ ಹೇಳ್ಲಿಲ್ಲ."

ಮೇಸ್ತ್ರಿ ಗೋಡೆಯ ಕಡೆ ತಿರುಗಿದ. ಸಾಹೇಬರು ಅವನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಕನ್ನಡಕ ಒರೆಸಿಕೊಂಡರು.

"ಅಂದ್ರೆ ಮೂರು ವರ್ಷ ಕಂಪನಿಗೆ ಸುಳ್ಳು ಬರೆಸಿದ್ದೀಯ. ಅದಕ್ಕೇ ನಿನ್ನ ಕೆಲಸದಿಂದ ತೆಗೀಬಹುದು. ನಾನು ಹಾಗೆ ಮಾಡಲ್ಲ." ಇನ್ನೊಂದು ಕಾಗದ ಮುಂದೆ ಬಂತು. "ಕಾಯಿಲೆಗೂ ಕೆಲಸಕ್ಕೂ ಸಂಬಂಧ ಇಲ್ಲ ಅಂತ ಬರೆದಿದೆ. ಸಹಿ ಹಾಕು. ನಿನ್ನನ್ನ ಬಟ್ಟೆ ಒಗೆಯೋ ವಿಭಾಗಕ್ಕೆ ಹಾಕ್ತೀನಿ. ನೆರಳಲ್ಲಿ ಕೆಲಸ. ಯಾರೂ ನೋಡಲ್ಲ."

ಒಂದು ಕ್ಷಣ ಅವಳಿಗೆ ಆ ಆವಿಯ ವಾಸನೆ ಬಂತು. ಸೋಡಾ, ಸಾಬೂನು, ಬೆವರಿದ ಗಾಜು. ಅವಳ ಮನಸ್ಸು ಅತ್ತ ವಾಲಿತು. ಸುಳ್ಳು ಹೇಳಬಾರದು, ವಾಲಿತು.

"ಇಂಜೆಕ್ಷನ್ನು?"

"ಅದು ನಿಮ್ಮ ಮನೆ ವಿಚಾರ."

"ಸೋಮವಾರ ಹೇಳ್ತೀನಿ," ಎಂದು ಎದ್ದು ಬಂದಳು.

ಭಾನುವಾರ ಮಧ್ಯಾಹ್ನ ಬೀದಿ ನಲ್ಲಿಯ ಕಟ್ಟೆಯ ಮೇಲೆ ಆರೂ ಜನ ಸೇರಿದರು. ಬಟ್ಟೆ ಒಗೆಯುತ್ತ ಅವಳು ಎಲ್ಲವನ್ನೂ ಹೇಳಿದಳು. ತುಟಿ ಬಾರದ ಕಡೆ ನಾದಿನಿ ತುಂಬಿಕೊಟ್ಟಳು. ಹೇಳಿ ಮುಗಿದಾಗ ಯಾರ ಕೈಯೂ ಆಡುತ್ತಿರಲಿಲ್ಲ. ನಲ್ಲಿ ಸುರಿಯುತ್ತಿತ್ತು.

"ಆರಿಸೋದು ಕಲ್ಸಿದ್ದು ನೀನೇ," ಎಂದಳು ಒಬ್ಬಳು. ಅವಳು ಗಿಡ್ಡಜ್ಜಿಯ ಪಕ್ಕದ ಮನೆಯವಳು.

"ಹೌದು. ನಾನೇ."

"ನಿನ್ನ ಚೊಕ್ಕತನಕ್ಕಿಷ್ಟು ಬೆಂಕಿ ಹಾಕ."

"ಹಾಕು," ಎಂದಳು ಬಿಳಿಯಕ್ಕ. "ಹಾಕಿ ಆದ್ಮೇಲೆ ನಾಳೆ ಏನು ಮಾಡೋಣ, ಹೇಳು."

ಆಗ ನಾದಿನಿ ಸೊಂಟದ ಸೆರಗು ಸರಿಸಿದಳು. ಪಕ್ಕೆಯ ಮೇಲೆ ಕೆಂಪು ಉಂಗುರ. ನಡುವೆ ತಿಳಿ, ಅಂಚು ದಟ್ಟ. ಅಂಗೈ ಅಗಲ.

"ಎಷ್ಟು ದಿನ ಆಯ್ತೇ?"

"ಹತ್ತು."

"ಯಾಕೆ ಹೇಳ್ಲಿಲ್ಲ?"

"ನಿನ್ನದೇ ನಿನಗೆ ಹೆಚ್ಚಾಗಿತ್ತಲ್ಲ ಅತ್ತಿಗೆ."

ಬೈದವಳು ಎದ್ದು ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. "ನಾಳೆ ಎಷ್ಟೊತ್ತಿಗೆ?" ಎಂದಳು.

ಸೋಮವಾರ ಬೆಳಿಗ್ಗೆ ಹಗ್ಗ ಹಿಡಿದವಳು ಬಿಳಿಯಕ್ಕನೇ. ಬೇಡ ಎಂದರೂ ಕೇಳಲಿಲ್ಲ. ಎಲ್ಲರೂ ಪ್ಯಾಂಟಿನ ಹಾಗೆ ಹಳೆಯ ಗೋಣಿಚೀಲಗಳನ್ನು ಕಾಲಿಗೆ ಸುತ್ತಿ ಸುತಳಿಯಿಂದ ಬಿಗಿದುಕೊಂಡಿದ್ದರು. ಕಾಲುಚೀಲ ಯಾರೂ ಕೊಟ್ಟಿರಲಿಲ್ಲವಲ್ಲ. ಬಟ್ಟೆ ಒದ್ದೆ ಹುಲ್ಲಿನ ಮೇಲೆ ಸರ್ರನೆ ಬರುತ್ತಿತ್ತು. ಪ್ರತಿ ಹೆಜ್ಜೆಗೂ ಬೆನ್ನಿನ ಕೆಂಡ ಉರಿಯುತ್ತಿತ್ತು. ಮೊದಲನೇ ದಾರಿ. ಎರಡನೇ ದಾರಿ. ಜಿಂಕೆಗಳು ಮಲಗೆದ್ದ ಜಾಗದಲ್ಲಿ ಹುಲ್ಲು ಇನ್ನೂ ಬಿಸಿಯಿತ್ತು. ಮೂರನೆಯದು ಅತಿಥಿಗಳ ಮನೆಯಿಂದಲೇ ಹೊರಡುವ ದಾರಿ. ಅಲ್ಲಿ ಅವಳ ಹೆಜ್ಜೆ ನಿಧಾನವಾಯಿತು. ಬೈದಿದ್ದವಳೇ ಹಿಂದಿನಿಂದ ಬಂದು ಇನ್ನೊಂದು ಹಗ್ಗ ಹಿಡಿದಳು.

ಮರದ ಕೆಳಗೆ ಬಂದಾಗ ಎಲ್ಲರ ಬೆರಳುಗಳೂ ತಾವಾಗಿಯೇ ಬಟ್ಟೆಯ ಕಡೆ ಹೋದವು. ಮೂರು ವರ್ಷದ ಅಭ್ಯಾಸ. ಬಿಳಿಯಕ್ಕ ತಲೆ ಅಲ್ಲಾಡಿಸಿದಳು. ಅವಳ ಬೆರಳಿಗೇ ಹೆಚ್ಚು ತುರಿಕೆ. ಅಂಥ ಕೊಳೆ ಬಟ್ಟೆಯನ್ನು ಅವಳು ಜೀವಮಾನದಲ್ಲಿ ಯಾರಿಗೂ ಒಪ್ಪಿಸಿರಲಿಲ್ಲ.

"ತನ್ನಿ," ಎಂದು ಮೇಸ್ತ್ರಿ ಕೈ ಚಾಚಿದ. ಬಟ್ಟೆ ನೋಡಿದ. ಕೈ ಹಿಂದೆ ಹೋಯಿತು. "ಏನಿದು? ಶುದ್ಧ ಮಾಡ್ಕೊಂಡು ಬನ್ನಿ."

ಬಾಯಿ ತಪ್ಪಿ ಬಂದ ಮಾತು. ಬಂದ ಮೇಲೆ ಅವನಿಗೇ ಕೇಳಿಸಿತು. ಆರು ಹೆಂಗಸರು ಅವನ ಮುಖವನ್ನೇ ನೋಡಿದರು.

"ನಿಮಗೆ ಗೊತ್ತಿತ್ತು," ಎಂದಳು ನಾದಿನಿ.

ಅವನು ದಾರಿಗೆ ಅಡ್ಡ ನಿಂತ. ಅವರು ಅವನನ್ನು ಬಳಸಿಕೊಂಡು ಮುಂದೆ ನಡೆದರು. ನಾಲ್ವರು ನಾಲ್ಕು ಮೂಲೆ ಹಿಡಿದರು. ಬಿಳಿಯಕ್ಕ ಮುಂದೆ. ಕಣ್ಣಿಗೆ ಪಟ್ಟಿ, ಕಾಲಿಗೆ ಗೋಣಿ. ಕಚೇರಿಯ ಕಟ್ಟಡಕ್ಕೆ ಹಿಂದಿನ ಬಾಗಿಲಿಂದ ಅಲ್ಲ, ಮುಂದಿನ ಬಾಗಿಲಿಂದ. ಆ ಹೊಳೆಯುವ ನೆಲದ ಮೇಲೆ ಅವರು ಬಕೆಟ್ಟು ಇಲ್ಲದೆ ಕಾಲಿಟ್ಟದ್ದು ಅದೇ ಮೊದಲು.

ಸಾಹೇಬರು ಫೋನಿನಲ್ಲಿದ್ದರು. ಬಟ್ಟೆ ಗಾಜಿನ ಮೇಜಿನ ಮೇಲೆ ಹರಡಿತು. ಎಳ್ಳುಗಳು ನಡೆಯತೊಡಗಿದವು. ಒಂದು ಮೇಜಿನ ಅಂಚು ದಾಟಿ ಸಾಹೇಬರ ತೋಳಿನ ಕಡೆ ಹೊರಟಿತು. ಎಂದೂ ದನಿ ಏರಿಸದ ಮನುಷ್ಯರು ಕುರ್ಚಿ ಬೀಳಿಸಿಕೊಂಡು ಎದ್ದರು.

"ಏನಿದು! ತೆಗೀರಿ! ತೆಗೀರಿ ಅಂದ್ರೆ!"

ತುಟಿ ಸೇರಬೇಕಿಲ್ಲದ ಮಾತೊಂದನ್ನು ಅವಳು ದಾರಿಯುದ್ದಕ್ಕೂ ಹುಡುಕಿಟ್ಟುಕೊಂಡಿದ್ದಳು.

"ಎಣಿಸಿ," ಎಂದಳು.

"ಸೆಕ್ಯುರಿಟಿ!"

ಕಾವಲಿನವನು ಓಡಿಬಂದ. ಬಟ್ಟೆ ನೋಡಿದ. ಹೊಸ್ತಿಲಲ್ಲೇ ನಿಂತು ಒಂದೊಂದಾಗಿ ಕಾಲೆತ್ತಿ ತನ್ನ ಪ್ಯಾಂಟಿನ ಅಂಚು ಪರೀಕ್ಷಿಸತೊಡಗಿದ. ಅವನ ಹಿಂದೆ ಒಬ್ಬ ಅತಿಥಿ ಹೆಂಗಸು ಇಣುಕಿದಳು. ಕೈಯಲ್ಲಿ ಮಗುವಿನ ಬೆರಳು. "ಅದೇನದು?"

"ಉಣುಗು ಅಮ್ಮಾ," ಎಂದಳು ನಾದಿನಿ. "ನೀವು ನಿನ್ನೆ ಮಗು ಆಡಿಸ್ತಿದ್ರಲ್ಲ, ಆ ದಾರೀದು."

ಹೆಂಗಸು ಅಲ್ಲೇ ನೆಲದ ಮೇಲೆ ಕೂತು ಮಗುವಿನ ಕಾಲುಚೀಲ ಕಳಚತೊಡಗಿದಳು. ಅಷ್ಟು ಸಾಕಾಯಿತು. ಕಾಲು ಗಂಟೆಯಲ್ಲಿ ಹೊರಗಿನ ಹಜಾರದಲ್ಲಿ ಪೆಟ್ಟಿಗೆಗಳು ಉರುಳುವ ಸದ್ದು ಕೇಳಿಸಿತು.

ನರ್ಸಮ್ಮ ಬಂದರು. ಯಾರೂ ಕರೆದಿರಲಿಲ್ಲ. ಕೈಯಲ್ಲಿ ಚಿಮುಟ ಮತ್ತು ಅಂಟುಪಟ್ಟಿ. ಮೇಜಿನ ಮುಂದೆ ನಿಂತು ಒಂದೊಂದನ್ನೇ ಎತ್ತಿ ಪಟ್ಟಿಗೆ ಅಂಟಿಸುತ್ತ ಗಟ್ಟಿಯಾಗಿ ಎಣಿಸಿದರು. ಇಪ್ಪತ್ತು ದಾಟಿದ ಮೇಲೆ ಹೆಂಗಸರೂ ದನಿಗೂಡಿಸಿದರು. ಅರವತ್ತೊಂದಕ್ಕೆ ನಿಂತಿತು.

ಸಾಹೇಬರು ಬಾಗಿಲು ಮುಚ್ಚಿಸಿದರು. "ಆಯ್ತು. ನಿನ್ನ ಕಾಗದಕ್ಕೆ ಸಹಿ ಹಾಕ್ತೀನಿ. ಈಗಲೇ. ಈ ಬಟ್ಟೆ ಸುಟ್ಟು, ಎಲ್ಲರೂ ಹೊರಡಿ."

ಬಿಳಿಯಕ್ಕ ಕೈಬೆರಳು ಎತ್ತಿ ತೋರಿಸಿದಳು. ಏಳು.

"ಏನು ಏಳು?"

"ನಾವು ಆರು ಜನ," ಎಂದಳು ಬೈದಿದ್ದವಳು. "ಆಮೇಲೆ ಗಿಡ್ಡಜ್ಜಿ. ಎಲ್ಲರ ರಕ್ತ ಪರೀಕ್ಷೆ ಆಗ್ಬೇಕು. ಏಳು ಕಾಗದ."

"ಆ ಕುಡುಕಿ ಈಗ ಕೆಲಸದಲ್ಲೇ ಇಲ್ಲ!"

ಬಿಳಿಯಕ್ಕ ಹೊರಗೆ ಬಂದು ಹಜಾರದ ನಟ್ಟನಡುವೆ ನೆಲದ ಮೇಲೆ ಕೂತಳು. ಐವರೂ ಕೂತರು.

ಗೋಡೆಯ ಗಡಿಯಾರದಲ್ಲಿ ಹನ್ನೊಂದು. ಆಸ್ಪತ್ರೆಯ ಬಸ್ಸು ಒಂದಕ್ಕೆ. ಅತಿಥಿಗಳು ಅವರನ್ನು ದಾಟಿ, ಸುತ್ತಿ, ಪೆಟ್ಟಿಗೆ ಎಳೆದುಕೊಂಡು ಹೋದರು. ಹನ್ನೆರಡಾಯಿತು. ಕಲ್ಲುನೆಲದ ತಂಪು ಬೆನ್ನುಮೂಳೆ ಹತ್ತಿ ಉರಿಯಾಗುತ್ತಿತ್ತು. ಮುಚ್ಚದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಳು ಎಂದುಕೊಳ್ಳುವವರು ಅಂದುಕೊಳ್ಳಲಿ.

"ಅತ್ತಿಗೆ," ನಾದಿನಿ ಕಿವಿಯ ಹತ್ತಿರ ಬಾಗಿದಳು. "ನಿನ್ನದೊಂದು ತಗೊಂಡು ಹೋಗು. ಮಧ್ಯೆ ನಿಲ್ಲಿಸಬಾರದು ಅಂದಿದ್ದಾರೆ. ನಾವು ಇಲ್ಲಿ ಕೂತಿರ್ತೀವಿ."

ಬಿಳಿಯಕ್ಕ ಅವಳ ಪಕ್ಕೆಯ ಮೇಲೆ, ಉಂಗುರ ಇದ್ದ ಕಡೆ, ಅಂಗೈ ಇಟ್ಟಳು. ಇಟ್ಟೇ ಇದ್ದಳು. ಒಂದರ ಬಸ್ಸು ಗೇಟಿನ ಮುಂದೆ ನಿಂತಿತು. ಹಾರ್ನು ಹೊಡೆಯಿತು. ಹೋಯಿತು.

ಒಂದೂಕಾಲಿಗೆ ಮೇಸ್ತ್ರಿ ಏಳು ಕಾಗದ ತಂದ. ಅದರ ಮೇಲೆ ಇಂದಿನ ಎಣಿಕೆಯ ಹಾಳೆ. ಅಭ್ಯಾಸದಂತೆ ಅಂಗೈ ಅಡ್ಡ ಇಟ್ಟ. "ಇಲ್ಲಿ ಸಹಿ ಹಾಕು."

ಅವಳು ಅವನ ಕೈಯನ್ನು ಮಣಿಕಟ್ಟು ಹಿಡಿದು ಎತ್ತಿ ಪಕ್ಕಕ್ಕಿಟ್ಟಳು. ಓದಿದಳು. ನಾಲ್ಕನೇ ಕ್ಲಾಸಿನ ಓದು. ಒಂದೊಂದೇ ಅಕ್ಷರ, ಬೆರಳಿಟ್ಟು. ಹಜಾರವೆಲ್ಲ ಕಾಯಿತು. ಎಣಿಕೆಯ ಹಾಳೆಯಲ್ಲಿ *ಆರು* ಎಂದಿತ್ತು. ಅವಳು ಅದನ್ನು ಅವನ ಕೈಗೆ ವಾಪಸ್ ಕೊಟ್ಟಳು.

"ಅರವತ್ತೊಂದು," ಎಂದು ಐವರೂ ಒಟ್ಟಿಗೆ ಹೇಳಿದರು.

ಅವನು ಒಳಗೆ ಹೋದ. ದನಿಗಳು ಏರಿದವು. ಎರಡಕ್ಕೆ ತಿರುಗಿ ಬಂದಾಗ ಹಾಳೆ ಸರಿಯಿತ್ತು. ಏಳು ಕಾಗದಗಳ ಮೇಲೂ ಸಾಹೇಬರ ಸಹಿ, ಕಂಪನಿಯ ಮೊಹರು. ಏಳನೆಯದರಲ್ಲಿ ಗಿಡ್ಡಜ್ಜಿಯ ನಿಜವಾದ ಹೆಸರು. ಅದನ್ನು ಓದಿದಾಗಲೇ ಅವರಿಗೆ ಅದು ಗೊತ್ತಾದದ್ದು. ಹಳೆಯ ಹಾಳೆಗಳ ಬಗ್ಗೆ ವಿಚಾರಣೆ ಇದೆ, ಬರಬೇಕು, ಎಂದ ಮೇಸ್ತ್ರಿ. ಬರ್ತೀವಿ, ಎಂದಳು ನಾದಿನಿ. ನೀವೂ ಬನ್ನಿ.

ಬಿಳಿಯಕ್ಕ ಸಹಿ ಹಾಕಿದಳು. ಸಹಿ ಸೊಟ್ಟಗಾಯಿತು. ಅದನ್ನು ತಿದ್ದಲಿಲ್ಲ.

ನರ್ಸಮ್ಮ ಫೋನಿಟ್ಟು ಬಂದರು. "ಡಾಕ್ಟರಮ್ಮ ಐದರ ತನಕ ಕಾಯ್ತಾರಂತೆ. ಮುಂದಿನ ಬಸ್ಸು ಮೂರಕ್ಕೆ."

ಅವಳು ಏಳಲು ನೋಡಿದಳು. ಕಾಲು ಕೇಳಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ ಎಂದು ಆಗ ನೆನಪಾಯಿತು. ಹಿಂದಿನ ಕಿಟಕಿಯ ಹತ್ತಿರ ಹೋಗುವಷ್ಟು ತ್ರಾಣವಿರಲಿಲ್ಲ.

ಕ್ಯಾಂಟೀನಿನ ಮುಂದಿನ ಬಾಗಿಲು ತೆರೆಯಿತು. ಅಡುಗೆಯಾತ ಹೊರಗೆ ಬಂದ. ಏಪ್ರನ್ನು ಕಟ್ಟಿಕೊಂಡೇ ಹಜಾರವನ್ನು ದಾಟಿದ. ಮೇಸ್ತ್ರಿಯನ್ನು ದಾಟಿದ. ಅವಳ ಮುಂದೆ ಮೊಣಕಾಲೂರಿ ಕೂತ. ಕೈಯಲ್ಲಿ ಅತಿಥಿಗಳ ಪಿಂಗಾಣಿ ತಟ್ಟೆ. ಮೆತ್ತಗೆ ಬೇಯಿಸಿ, ತರಕಾರಿಯ ಜೊತೆ ನುಣ್ಣಗೆ ಕಿವುಚಿದ ಅನ್ನ. ಒಂದು ಕಾಳೂ ಗಟ್ಟಿಯಿರಲಿಲ್ಲ. ಪಕ್ಕದಲ್ಲಿ ಮಡಚಿದ ಬಿಳಿ ಕೈವಸ್ತ್ರ. ಚಮಚವನ್ನು ಅವನು ಎಡಗಡೆ ಇಟ್ಟಿದ್ದ. ಅವಳು ಎಡಗಡೆಯಿಂದ ಅಗಿಯುತ್ತಾಳೆ ಎಂದು ಕಿಟಕಿಯ ಹಿಂದಿನಿಂದ ಯಾವಾಗ ನೋಡಿದ್ದನೋ.

ಮುಖ ನೋಡಿ ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟ.